ಕಿಟ್ ಕೊಡೋ ಫೋಟೋಗೆ ಅಮ್ಮ ನಿಲ್ಲಲೇಬೇಕಾ?

ಓದುಗರ ಪ್ರಶ್ನೆ: ಸರ್, ನಮ್ಮೂರು ಕೃಷ್ಣಾ ದಂಡೆ ಮೇಲಿದೆ. ಹೊಳೆ ಬಂದಾಗ ಮನೆ ಬಿಟ್ಟು ಕಾಳಜಿ ಕೇಂದ್ರದಲ್ಲಿದ್ವಿ. ಒಬ್ಬ ಜನಪ್ರತಿನಿಧಿ ಬಂದ್ರು, ಅರ್ಧ ಗಂಟೆನೂ ಇರಲಿಲ್ಲ, ಅಮ್ಮನ ಕೈಗೆ ಕಿಟ್ ಕೊಟ್ಟು ಫೋಟೋ ತೆಗೆಸ್ಕೊಂಡು ಹೋದ್ರು. ಮಾರನೇ ದಿನ ವಾಟ್ಸಾಪಲ್ಲಿ ಎಲ್ಲಿ ನೋಡಿದ್ರೂ ಅದೇ ಫೋಟೋ. ಅಮ್ಮ "ನಾ ಭಿಕ್ಷಾ ಬೇಡಿದಂಗ ಕಾಣಸ್ತೀನಿ" ಅಂತ ಇನ್ನೂ ನೊಂದ್ಕೋತಾರೆ. ಇಂಥ ಫೋಟೋಗಳೆಲ್ಲ ನಾಟಕನಾ? ಜನಕ್ಕೆ ಸರ್ಕಾರದ ಮೇಲೆ ನಂಬಿಕೆ ಹೋಗೋದು ಇದರಿಂದಾನೇನಾ? ಇನ್ನೊಂದ್ಸಲ ಹಿಂಗಾದ್ರೆ ಫೋಟೋ ಬೇಡ ಅನ್ನಬಹುದಾ?

ಉತ್ತರ:

ನಿಮ್ಮಮ್ಮ ಹೇಳಿದ ಮಾತು ಓದಿ ನಂಗೆ 2019ರ ಆಗಸ್ಟ್ ನೆನಪಾಯ್ತು. ಆಗ ನಾನು ಪೇಪರಿಗೆ ಫೋಟೋ ತೆಗೀತಿದ್ದೆ, ಬೆಳಗಾವಿ ಬಾಗಲಕೋಟೆ ಕಡೆ ಹೊಳೆ ಬಂದು ಊರೂರೇ ಶಾಲೆ ಕಟ್ಟಡಗಳಲ್ಲಿ ಮಲಗಿದ್ದ ದಿನಗಳು ಅವು, ಜನ ಆಗ ಗಂಜಿ ಕೇಂದ್ರ ಅಂತಿದ್ರು. ಒಂದು ಕೇಂದ್ರದಲ್ಲಿ ಒಬ್ಬ ಅಜ್ಜಿಗೆ ಚಾದರ ಕೊಡೋ ಫೋಟೋ. ಒಬ್ಬ ಕ್ಯಾಮೆರಾದವನಿಗೆ ಅಜ್ಜಿ ಮುಖ ಸರಿಯಾಗಿ ಬರಲಿಲ್ಲ ಅಂತ ಚಾದರ ವಾಪಸ್ ಇಸ್ಕೊಂಡು ಇನ್ನೊಂದ್ಸಲ ಕೊಟ್ರು, ಆಮೇಲೆ ಟಿವಿಯೋರು ಬಂದ್ರು ಅಂತ ಮೂರನೇ ಸಲ. ಆ ಅಜ್ಜಿ ಕೇಳಿದ್ದು, "ಇನ್ನರ ನನಗ ಕೊಡ್ತೀರೇನ್ರೀ ಇದನ್ನ?" ಅಂತ. ನಾನೂ ಆ ಸಾಲಲ್ಲಿ ಕ್ಯಾಮೆರಾ ಹಿಡ್ಕೊಂಡು ನಿಂತಿದ್ದೆ, ಮೂರೂ ಸಲ ಕ್ಲಿಕ್ ಮಾಡಿದೆ. ಈಗ ಹುಡುಗರಿಗೆ ಪತ್ರಿಕಾ ಛಾಯಾಗ್ರಹಣ ಹೇಳ್ಕೊಡುವಾಗ ಮೊದಲನೇ ಕ್ಲಾಸಲ್ಲೇ ಈ ಕಥೆ ಹೇಳ್ತೀನಿ, ಯಾಕಂದ್ರೆ ನಿಮ್ಮ ಮೂರು ಪ್ರಶ್ನೆಗೂ ಉತ್ತರ ಆ ಅಜ್ಜಿ ಮಾತಲ್ಲೇ ಇದೆ ಅಂತ ನಂಗೆ ಅನ್ಸುತ್ತೆ.

ಮೊದಲನೇ ಪ್ರಶ್ನೆ, ಎಲ್ಲಾ ನಾಟಕನಾ ಅಂತ. ನೋಡಿ, ಮಂತ್ರಿ, ಮುಖ್ಯಮಂತ್ರಿ, ಪ್ರಧಾನಿ ಇರೋ ಫೋಟೋಲಿ ಮೊದಲೇ ವ್ಯವಸ್ಥೆ ಮಾಡದೇ ಇರೋದು ತುಂಬಾ ಕಮ್ಮಿ. ಪ್ರವಾಸದ ಪಟ್ಟಿ ಹಿಂದಿನ ದಿನವೇ ಬಂದಿರುತ್ತೆ, ವಾರ್ತಾ ಇಲಾಖೆಯಿಂದ ಪ್ರೆಸ್ಸಿನೋರಿಗೆ ಗಾಡಿ ಬರುತ್ತೆ, ಎಲ್ಲಿ ನಿಲ್ಲಬೇಕು ಯಾರ ಪಕ್ಕ ಯಾರು ಅನ್ನೋದು ಮಾತಾಡಿರ್ತಾರೆ, ಬಿಸಿಲು ಯಾವ ಕಡೆಯಿಂದ ಬೀಳುತ್ತೆ ಅಂತ ನಮ್ಮಂಥೋರೇ ಹೇಳಿರ್ತೀವಿ. ವ್ಯವಸ್ಥೆ ಮಾಡಿದ್ದು ಅಂದ ಮಾತ್ರಕ್ಕೆ ಸುಳ್ಳು ಅನ್ನೋಕಾಗಲ್ಲ. 1987ರ ಏಪ್ರಿಲ್ 9ಕ್ಕೆ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಏಡ್ಸ್ ರೋಗಿಗಳಿಗೆ ಅಂತಾನೇ ಮಾಡಿದ ವಾರ್ಡ್ ಉದ್ಘಾಟನೆಗೆ ರಾಜಕುಮಾರಿ ಡಯಾನಾ ಹೋಗಿದ್ರು. ಮುಟ್ಟಿದ್ರೆ ಏಡ್ಸ್ ಬರುತ್ತೆ ಅಂತ ಜನ ನಡುಗ್ತಿದ್ದ ಕಾಲ, ಅವರು ಗ್ಲೌಸ್ ಹಾಕ್ಕೊಳ್ಳದೆ ಒಬ್ಬ ರೋಗಿ ಕೈ ಕುಲುಕಿದ್ರು, ಅದರ ಫೋಟೋ ಪ್ರಪಂಚ ಪೂರ್ತಿ ಹೋಯ್ತು. ಅದು ನೂರಕ್ಕೆ ನೂರು ಪ್ಲಾನ್ ಮಾಡಿದ ಫೋಟೋನೇ. ಆದ್ರೆ ಆ ವಾರ್ಡ್ ನಿಜವಾಗ್ಲೂ ಇತ್ತು, ಅವರು ಹೋದ ಮೇಲೂ ಅಲ್ಲಿ ಚಿಕಿತ್ಸೆ ನಡೀತಿತ್ತು, ಜನಕ್ಕೆ ತಲುಪಬೇಕಾದ ವಿಷಯ ಸತ್ಯವಾಗಿತ್ತು. ಇನ್ನೊಂದು ನಾನು ಮರೆಯೋಕಾಗದ ಸಂಗತಿ ಏನಂದ್ರೆ ಆ ರೋಗಿ ಮುಖ ಕಾಣಬಾರದು ಅಂತ ಹೇಳಿದ್ರು, ಅದಕ್ಕೆ ಹಿಂದಿನಿಂದ ತೆಗೆದ್ರು. ಅಷ್ಟು ದೊಡ್ಡ ಅರಮನೆಯೋರ ಕಾರ್ಯಕ್ರಮಕ್ಕೂ ಆ ಮಾತು ನಡೀತು ಅಂದ ಮೇಲೆ ನಮ್ಮ ಹೋಬಳಿ ಮಟ್ಟದಲ್ಲಿ ಯಾಕೆ ನಡೆಯಲ್ಲ.

ಹಂಗಾಗಿ ಫೋಟೋ ನೋಡಿದ ತಕ್ಷಣ ಅರೇಂಜ್ ಮಾಡಿದ್ದಾ ಅಂತ ಹುಡುಕೋದಕ್ಕೆ ಟೈಮ್ ಹಾಕ್ಬೇಡಿ, ಅರೇಂಜ್ ಮಾಡಿದ್ದೇ ಅಂತ ಇಟ್ಕೊಳ್ಳಿ. ಈ ಫೋಟೋ ತೆಗೆಯೋಕೆ ಕೆಲಸದಿಂದ ಯಾರನ್ನ ಎಬ್ಬಿಸ್ಕೊಂಡು ಬಂದ್ರು, ಕ್ಯಾಮೆರಾದೋರು ಹೋದ ಮೇಲೆ ಅಲ್ಲಿ ಏನು ಉಳೀತು, ಈ ಎರಡು ಕೇಳಿ. ಇದಕ್ಕೆ ನಾನು ಯಾವಾಗ್ಲೂ ಕೊಡೋ ಉದಾಹರಣೆ ಅಮೆರಿಕದ ಕತ್ರಿನಾ ಚಂಡಮಾರುತದ್ದು, ಸ್ವಲ್ಪ ವಿವರವಾಗೇ ಹೇಳ್ತೀನಿ, ಯಾಕಂದ್ರೆ ಪ್ರವಾಹದಲ್ಲಿ ಸಿಕ್ಕಿದೋರಿಗೆ ಇದು ಬೇರೆ ದೇಶದ ಕಥೆ ಅಂತ ಅನ್ಸೋದೇ ಇಲ್ಲ.

2005ರ ಆಗಸ್ಟ್ 29ಕ್ಕೆ ಕತ್ರಿನಾ ಬಂತು, ನ್ಯೂ ಆರ್ಲಿಯನ್ಸ್ ಊರನ್ನ ಕಾಯ್ತಿದ್ದ ಒಡ್ಡುಗಳು ಒಡೆದು ಊರಿನ ಬಹುಪಾಲು ಮುಳುಗಿ ಹೋಯ್ತು, ಸಾವಿರಕ್ಕೂ ಹೆಚ್ಚು ಜನ ಸತ್ರು. ಅಧ್ಯಕ್ಷ ಜಾರ್ಜ್ ಬುಷ್ ಆಗ ಟೆಕ್ಸಾಸಿನ ತಮ್ಮ ತೋಟದ ಮನೆಯಲ್ಲಿ ರಜೆಯಲ್ಲಿದ್ರು, 31ನೇ ತಾರೀಖು ವಾಷಿಂಗ್ಟನ್ನಿಗೆ ವಾಪಸ್ ಹೋಗುವಾಗ ವಿಮಾನ ಸ್ವಲ್ಪ ಕೆಳಗೆ ಹಾರಿಸಿ ಮುಳುಗಿದ ಊರನ್ನ ಕಿಟಕಿಯಿಂದ ನೋಡಿದ್ರು. ಅವರು ಕಿಟಕಿಗೆ ಮುಖ ಇಟ್ಟು ನೋಡ್ತಿರೋ ಫೋಟೋನ ಅವರ ಕಡೆಯೋರೇ ತೆಗೆಸಿದ್ದು, ಅಧ್ಯಕ್ಷರಿಗೆ ಕಾಳಜಿ ಇದೆ ಅಂತ ತೋರಿಸೋಕೆ. ಜನಕ್ಕೆ ಕಂಡಿದ್ದೇ ಬೇರೆ. ಕೆಳಗೆ ಮನುಷ್ಯರು ಮಾಳಿಗೆ ಮೇಲೆ ನಿಂತು ಕೈ ಬೀಸ್ತಿದಾರೆ, ಇವರು ಮೋಡದ ಪಕ್ಕ ಕೂತು ನೋಡ್ತಿದಾರೆ. ವರ್ಷಗಳಾದ ಮೇಲೆ ಬುಷ್ ಅವರೇ ಆ ಫೋಟೋ ದೊಡ್ಡ ತಪ್ಪು ಅಂತ ಒಪ್ಕೊಂಡ್ರು. ನಮ್ಮಲ್ಲಿ ಪ್ರತಿ ಮಳೆಗಾಲಕ್ಕೂ "ವೈಮಾನಿಕ ಸಮೀಕ್ಷೆ" ಅಂತ ಬರೋ ಫೋಟೋ ಇದೆಯಲ್ಲ, ಅದಕ್ಕೂ ಜನ ಹಿಂಗೇ ನೋಡ್ತಾರೆ, ಮೇಲಿನಿಂದ ನೋಡೋದ್ರಿಂದ ಎಷ್ಟು ಎಕರೆ ಮುಳುಗಿದೆ ಅಂತ ಅಂದಾಜು ಸಿಗಬಹುದು, ಅದು ಬೇಕಾದ್ದೇ, ಆದ್ರೆ ನೀರಲ್ಲಿ ನಿಂತೋನಿಗೆ ಅದರಿಂದ ಧೈರ್ಯ ಬರಲ್ಲ.

ಕಿಟಕಿ ಫೋಟೋಕ್ಕಿಂತ ನನಗೆ ಹೆಚ್ಚು ನೋವು ಕೊಟ್ಟಿದ್ದು ಅಗ್ನಿಶಾಮಕದವರ ಸಂಗತಿ. ಕತ್ರಿನಾ ಆದ ಮೇಲೆ ಬೇರೆ ಬೇರೆ ರಾಜ್ಯಗಳಿಂದ ಸುಮಾರು ಒಂದು ಸಾವಿರ ಜನ ಅಗ್ನಿಶಾಮಕ ಸಿಬ್ಬಂದಿ ನಾವು ಕೆಲಸಕ್ಕೆ ಬರ್ತೀವಿ ಅಂತ ಬಂದ್ರು, ಅವರನ್ನ ಅಟ್ಲಾಂಟಾದಲ್ಲಿ ಕೂರಿಸಿ ಜನರ ಜೊತೆ ಹೆಂಗೆ ಮಾತಾಡಬೇಕು, ಪಾಂಪ್ಲೆಟ್ ಹೆಂಗೆ ಹಂಚಬೇಕು ಅಂತ ಟ್ರೈನಿಂಗ್ ಕೊಟ್ರು. ಜನರನ್ನ ನೀರಿಂದ ಎತ್ತೋಕೆ ಗೊತ್ತಿದ್ದ ಮನುಷ್ಯರು ಹೋಟೆಲ್ ಹಾಲಲ್ಲಿ ಕೂತಿದ್ರು. ಕೊನೆಗೆ ಅದರಲ್ಲಿ 50 ಜನರನ್ನ ನ್ಯೂ ಆರ್ಲಿಯನ್ಸ್ ಇರೋ ಲೂಸಿಯಾನಾ ರಾಜ್ಯಕ್ಕೆ ವಿಮಾನದಲ್ಲಿ ಕಳಿಸಿದ್ರು, ಅವರ ಮೊದಲನೇ ಡ್ಯೂಟಿ ಏನಪ್ಪಾ ಅಂದ್ರೆ ಅಧ್ಯಕ್ಷರು ಬಂದಾಗ ಪಕ್ಕದಲ್ಲಿ ನಿಲ್ಲೋದು. ಅಂದ್ರೆ ಫೋಟೋ ಇಲ್ಲಿ ಕೆಲಸದ ಜಾಗಾನೇ ತಿಂದು ಹಾಕ್ತು. ಯಾರಾದ್ರೂ ನಿಮಗೆ "ಒಂದು ಫೋಟೋ ತಾನೇ, ಅದರಿಂದ ಏನು ನಷ್ಟ" ಅಂದ್ರೆ ಈ ಐವತ್ತು ಜನರ ಕಥೆ ಹೇಳಿ.

ಆಮೇಲೆ ಸೆಪ್ಟೆಂಬರ್ 15ರ ರಾತ್ರಿ. ಊರಿಗೆ ಕರೆಂಟೇ ಇಲ್ಲ. ಬುಷ್ ಅವರು ಜ್ಯಾಕ್ಸನ್ ಚೌಕದಲ್ಲಿ ನಿಂತು ದೇಶಕ್ಕೆ ಭಾಷಣ ಮಾಡೋದು ಅಂತಾಯ್ತು, ಹಿಂದೆ ಸೇಂಟ್ ಲೂಯಿ ಚರ್ಚು ಕಾಣಬೇಕು. ಅಧ್ಯಕ್ಷರ ತಂಡದೋರು ಜನರೇಟರ್ ತಂದು, ದೊಡ್ಡ ದೊಡ್ಡ ಲೈಟ್ ಹಾಕಿ ಚರ್ಚನ್ನ ಬೆಳಗಿಸಿದ್ರು, ಟಿವಿಯಲ್ಲಿ ನೋಡೋಕೆ ಬಹಳ ಚೆನ್ನಾಗಿತ್ತು. ಈ ಊರನ್ನ ಮತ್ತೆ ಕಟ್ತೀವಿ ಅಂತ ಮಾತು ಕೊಟ್ರು. ಭಾಷಣ ಮುಗೀತು, ಅವರು ಹೋದ್ರು, ಲೈಟ್ ಆಫ್ ಆಯ್ತು, ಚೌಕ ಮತ್ತೆ ಕತ್ತಲು. ಆ ಕತ್ತಲಲ್ಲೇ ಉಳಿದೋರಿಗೆ ಅಧ್ಯಕ್ಷರ ಮಾತಲ್ಲಿ ಒಂದಕ್ಷರ ನಂಬೋಕೂ ಕಷ್ಟ ಆಗಿರುತ್ತೆ, ಅವರು ಕಣ್ಣಾರೆ ಕಂಡಿದ್ದು ಅದು.

ಇಲ್ಲಿಗೆ ಮುಗೀಲಿಲ್ಲ. ಎರಡು ವರ್ಷ ಆದ ಮೇಲೆ, 2007ರ ಅಕ್ಟೋಬರಲ್ಲಿ, ಕ್ಯಾಲಿಫೋರ್ನಿಯಾದ ದಕ್ಷಿಣ ಭಾಗದಲ್ಲಿ ಕಾಡ್ಗಿಚ್ಚು ಹಬ್ಬಿ ಲಕ್ಷಗಟ್ಟಲೆ ಜನ ಮನೆ ಬಿಟ್ರು. ಫೀಮಾ ಅಂತ ಅಲ್ಲಿನ ವಿಪತ್ತು ನಿರ್ವಹಣಾ ಸಂಸ್ಥೆ, ಕತ್ರಿನಾದಲ್ಲಿ ಮಾನ ಕಳ್ಕೊಂಡಿದ್ದೂ ಅದೇ. ಈ ಸಲ ನಾವು ಚೆನ್ನಾಗಿ ಮಾಡ್ತಿದೀವಿ ಅಂತ ಹೇಳೋಕೆ 23ನೇ ತಾರೀಖು ಪತ್ರಿಕಾಗೋಷ್ಠಿ ಕರೆದ್ರು, ಆದ್ರೆ ಪತ್ರಕರ್ತರಿಗೆ ಹೇಳಿದ್ದು ಬರೀ 15 ನಿಮಿಷ ಮುಂಚೆ, ಅಷ್ಟರಲ್ಲಿ ಯಾರೂ ಬರೋಕಾಗಲಿಲ್ಲ. ಫೋನಲ್ಲಿ ಸೇರ್ಕೊಂಡೋರಿಗೆ ಕೇಳಿಸ್ಕೊಳ್ಳೋಕೆ ಮಾತ್ರ ಅವಕಾಶ, ಪ್ರಶ್ನೆ ಕೇಳೋ ಹಂಗಿಲ್ಲ. ಆಗ ಏನು ಮಾಡಿದ್ರು ಅಂದ್ರೆ ಫೀಮಾದ ಸ್ವಂತ ಸಿಬ್ಬಂದಿನೇ ಪತ್ರಕರ್ತರ ಕುರ್ಚಿ ಮೇಲೆ ಕೂತು, ಉಪ ಮುಖ್ಯಸ್ಥ ಹಾರ್ವೆ ಜಾನ್ಸನ್ ಅವರಿಗೆ ಪ್ರಶ್ನೆ ಕೇಳಿದ್ರು, ಫೀಮಾ ಕೆಲಸ ನಿಮಗೆ ತೃಪ್ತಿ ಕೊಟ್ಟಿದೆಯಾ ಅನ್ನೋ ಥರದ ಪ್ರಶ್ನೆಗಳು, ಅವರು ಬಹಳ ಸಂತೋಷ ಇದೆ ಅಂದ್ರು. ಟಿವಿ ಚಾನೆಲ್‌ಗಳು ಲೈವ್ ತೋರಿಸಿದ್ವು, ನೋಡ್ತಿದ್ದೋರಿಗೆ ಅಲ್ಲಿ ಕೂತೋರು ಯಾರು ಅಂತ ಗೊತ್ತಾಗೋ ದಾರಿನೇ ಇರಲಿಲ್ಲ. ಮೂರು ದಿನದಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಬಯಲು ಮಾಡ್ತು. ಫೀಮಾ ಇದ್ದ ಇಲಾಖೆಯ ಮುಖ್ಯಸ್ಥ ಮೈಕೆಲ್ ಚೆರ್ಟಾಫ್ ಅವರೇ ನಾನು ಸರ್ಕಾರದಲ್ಲಿ ಕಂಡ ಅತ್ಯಂತ ದಡ್ಡ ಕೆಲಸಗಳಲ್ಲಿ ಇದೂ ಒಂದು ಅನ್ನೋ ಅರ್ಥದಲ್ಲಿ ಮಾತಾಡಿದ್ರು, ಆ ಗೋಷ್ಠಿ ನಡೆಸಿದ ಸಂಪರ್ಕಾಧಿಕಾರಿಗೆ ಆಗಲೇ ಗೊತ್ತಾಗಿದ್ದ ಹೊಸ ಕೆಲಸ ಕೈತಪ್ಪಿ ಹೋಯ್ತು.

ಇದರಲ್ಲಿ ನನ್ನನ್ನ ಕಾಡೋದು ಒಂದೇ, ಆ ಬೆಂಕಿಯಲ್ಲಿ ಫೀಮಾ ನಿಜವಾಗ್ಲೂ ಕತ್ರಿನಾಕ್ಕಿಂತ ಚೆನ್ನಾಗಿ ಕೆಲಸ ಮಾಡಿತ್ತು. ಸಿಬ್ಬಂದಿ ರಾತ್ರಿ ಹಗಲು ಓಡಾಡಿದ್ರು. ಒಂದು ಸುಳ್ಳು ಗೋಷ್ಠಿಯಿಂದ ಅವರ ಅಷ್ಟೂ ಬೆವರು ಯಾರ ಕಣ್ಣಿಗೂ ಬೀಳದಂಗೆ ಆಯ್ತು, ಇವತ್ತು ಆ ಬೆಂಕಿ ಜೊತೆ ಫೀಮಾ ಹೆಸರು ಬಂದ್ರೆ ನೆನಪಾಗೋದು ಆ ಗೋಷ್ಠಿನೇ. ಸುಳ್ಳು ಫೋಟೋಯಿಂದ ಮೊದಲು ಏಟು ಬೀಳೋದು ಮಂತ್ರಿಗೆ ಅಂತ ನಾವು ಅಂದ್ಕೋತೀವಿ, ಹಂಗಲ್ಲ, ಬೀಳೋದು ನಿಯತ್ತಾಗಿ ದುಡಿದ ಗ್ರಾಮಲೆಕ್ಕಿಗನಿಗೆ, ಆಶಾ ಕಾರ್ಯಕರ್ತೆಗೆ, ದೋಣಿ ನಡೆಸಿದ ಹುಡುಗನಿಗೆ. ಮುಂದಿನ ಸಲ ಅವರು ಬಂದು "ಅಕ್ಕಾ, ಡ್ಯಾಮಿಂದ ನೀರು ಬಿಡ್ತಾರಂತೆ, ಇವತ್ತೇ ಮನೆ ಬಿಡಿ" ಅಂದ್ರೆ ಜನ ನಂಬದೇ ಕೂತ್ಕೊಂಡ್ರೆ ಜೀವಕ್ಕೇ ಅಪಾಯ ಅಲ್ವಾ.

ನಮ್ಮ ದೇಶದಲ್ಲೂ ಆಗಿದೆ. 2015ರ ಡಿಸೆಂಬರಲ್ಲಿ ಚೆನ್ನೈ ಮುಳುಗಿದಾಗ ಪ್ರಧಾನಿ ಮೋದಿಯವರು ವಿಮಾನದ ಕಿಟಕಿಯಿಂದ ನೋಡ್ತಿರೋ ಫೋಟೋನ ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿ ಟ್ವಿಟರಲ್ಲಿ ಹಾಕ್ತು, ಆದ್ರೆ ಕಿಟಕಿಯಾಚೆ ಕಾಣೋ ದೃಶ್ಯಕ್ಕೆ ಬೇರೆ ಫೋಟೋ ಜೋಡಿಸಿದ್ರು. ಮೂಲ ಫೋಟೋ ಆಗಲೇ ಹೊರಗಿತ್ತು, ಜನ ಎರಡನ್ನೂ ಪಕ್ಕ ಪಕ್ಕ ಇಟ್ರು, ಕಚೇರಿಯೋರು ಅದನ್ನ ತೆಗೆದು ವಿಷಾದ ಹೇಳಿದ್ರು. ಪ್ರಧಾನಿ ಹೋಗಿದ್ದು ನಿಜ, ಸಮೀಕ್ಷೆ ಮಾಡಿದ್ದು ನಿಜ, ಚಂದ ಕಾಣಲಿ ಅಂತ ಮಾಡಿದ ಒಂದು ತಿದ್ದುಪಡಿಯಿಂದ ಮಾತೆಲ್ಲ ಅದರ ಮೇಲೇ ಹೋಯ್ತು. ಇನ್ನು ಬೆಂಗಳೂರಿನೋರಿಗೆ 2022ರ ಜೂನ್ ನೆನಪಿರುತ್ತೆ, ಪ್ರಧಾನಿ ಬರ್ತಾರೆ ಅಂತ ಬಿಬಿಎಂಪಿ ಅವಸರದಲ್ಲಿ ರಸ್ತೆಗಳಿಗೆ ಡಾಂಬರು ಹಾಕ್ಸಿತು, ಸುಮಾರು 23 ಕೋಟಿ ಖರ್ಚಾಯ್ತು, ಜ್ಞಾನಭಾರತಿ ಕಡೆ ಹಾಕಿದ್ದು ಅವರು ಹೋಗಿ ಕೆಲವೇ ದಿನಕ್ಕೆ ಕಿತ್ತು ಬಂತು, ಪ್ರಧಾನಿ ಕಚೇರಿಯೇ ಏನಿದು ಅಂತ ವರದಿ ಕೇಳ್ತು. ಆ ದಾರಿಯಲ್ಲಿ ದಿನಾ ಸ್ಕೂಟರಲ್ಲಿ ಹೋಗೋರು ಗುಂಡಿ ಮುಚ್ಚಿ ಅಂತ ಎಷ್ಟು ಸಲ ಕೇಳಿರ್ತಾರೆ. ದುಡ್ಡಿಲ್ಲ ಅನ್ನಿಸ್ಕೊಂಡೋರಿಗೆ ಒಂದೇ ವಾರದಲ್ಲಿ ದುಡ್ಡು ಎಲ್ಲಿಂದ ಬಂತು ಅಂತ ಹೊಟ್ಟೆ ಉರಿಯುತ್ತೆ, ಆ ಉರಿ ನ್ಯಾಯವಾದದ್ದು.

ಈಗ ಎರಡನೇ ಪ್ರಶ್ನೆಗೆ ಬರ್ತೀನಿ, ನಂಬಿಕೆ ಹೋಗೋದು ಫೋಟೋಯಿಂದಾನೇನಾ? ಫೋಟೋ ಒಂದರಿಂದಲೇ ಅಂತ ಹೇಳಿದ್ರೆ ತಪ್ಪಾಗುತ್ತೆ. ಅಮೆರಿಕದಲ್ಲಿ 1958ರಿಂದಲೂ ವಾಷಿಂಗ್ಟನ್ ಸರ್ಕಾರ ಬಹುತೇಕ ಸಲ ಸರಿಯಾದ್ದನ್ನೇ ಮಾಡುತ್ತೆ ಅಂತ ನಂಬ್ತೀರಾ ಅಂತ ಜನರನ್ನ ಕೇಳ್ಕೊಂಡು ಬಂದಿದಾರೆ. 1964ರಲ್ಲಿ ನೂರಕ್ಕೆ 77 ಜನ ಹೌದು ಅಂದಿದ್ರು, 2023ರಲ್ಲಿ 16. ಇಳಿಯೋಕೆ ಶುರುವಾಗಿದ್ದು ವಿಯೆಟ್ನಾಂ ಯುದ್ಧದ ಕಾಲಕ್ಕೆ, ಅಧ್ಯಕ್ಷ ನಿಕ್ಸನ್ ಕುರ್ಚಿ ಬಿಡೋ ಹಂಗೆ ಮಾಡಿದ ವಾಟರ್‌ಗೇಟ್ ಹಗರಣ ಇನ್ನೂ ಕೆಳಗೆ ತಳ್ತು. ಅಂದ್ರೆ ಸರ್ಕಾರ ಹೇಳಿದ್ದಕ್ಕೂ ಮನೆಗೆ ಬಂದು ತಲುಪಿದ ಸುದ್ದಿಗೂ ತಾಳೆ ಆಗದೇ ಇದ್ದಾಗ ಜನ ದೂರ ಸರಿದ್ರು. ನಾಟಕದ ಫೋಟೋ ಮಾಡೋದೂ ಅದೇ ಕೆಲಸ, ಹೇಳಿದ್ದಕ್ಕೂ ಇರೋದಕ್ಕೂ ಎಷ್ಟು ದೂರ ಅನ್ನೋದನ್ನ ಯಾರೂ ಮರೆಯದಂಗೆ ಕಣ್ಣೆದುರು ಇಟ್ಬಿಡುತ್ತೆ. 2003ರ ಮೇ 1ಕ್ಕೆ ಇದೇ ಬುಷ್ ಯುದ್ಧನೌಕೆ ಮೇಲೆ ಜೆಟ್ ವಿಮಾನದಲ್ಲಿ ಇಳಿದು ಹಿಂದೆ "ಗುರಿ ಸಾಧಿಸಿದ್ದಾಯ್ತು" ಅನ್ನೋ ಅರ್ಥದ ಬ್ಯಾನರ್ ಇಟ್ಕೊಂಡು ಇರಾಕ್ ಯುದ್ಧದ ಮುಖ್ಯ ಹೋರಾಟ ಮುಗೀತು ಅಂತ ಮಾತಾಡಿದ್ರು, ಆ ಯುದ್ಧದಲ್ಲಿ ಸತ್ತ 4 ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರಲ್ಲಿ ಬಹುಪಾಲು ಜನ ಸತ್ತಿದ್ದು ಆ ದಿನದ ನಂತರ. ಮಗನ ಶವದ ಪೆಟ್ಟಿಗೆ ಬಂದ ಮನೆಯೋರಿಗೆ ಆ ಬ್ಯಾನರ್ ಹೆಂಗೆ ಕಂಡಿರಬೇಕು.

ನಮ್ಮ ಕರ್ನಾಟಕದ್ದೇ ಒಂದು ಉದಾಹರಣೆ ಹೇಳ್ಬೇಕು, ಗ್ರಾಮ ವಾಸ್ತವ್ಯ. ಕುಮಾರಸ್ವಾಮಿಯವರು 2006ರಲ್ಲಿ ಮೊದಲ ಸಲ ಮುಖ್ಯಮಂತ್ರಿ ಆದಾಗ ಶುರು ಮಾಡಿದ್ದು, 2019ರ ಜೂನಲ್ಲಿ ಯಾದಗಿರಿ ಜಿಲ್ಲೆ ಚಂಡರಕಿಯಿಂದ ಮತ್ತೆ ಶುರು ಮಾಡಿದ್ರು, ಶಾಲೆಯಲ್ಲಿ ನೆಲದ ಮೇಲೆ ಮಲಗಿದ ಫೋಟೋ ನೀವೂ ನೋಡಿರ್ತೀರಿ. ಆಮೇಲೆ ಬೇರೆ ಪಕ್ಷದ ಸರ್ಕಾರ ಬಂದ ಮೇಲೂ 2021ರಿಂದ "ಜಿಲ್ಲಾಧಿಕಾರಿಗಳ ನಡೆ ಹಳ್ಳಿಯ ಕಡೆ" ಅಂತ ತಿಂಗಳ ಮೂರನೇ ಶನಿವಾರ ಡಿಸಿಗಳು ಹಳ್ಳಿಗೆ ಹೋಗೋ ಕಾರ್ಯಕ್ರಮ ಆಯ್ತು. ಇದು ಬರೀ ಫೋಟೋಗೆ ಅಂತ ಒಂದು ಕಡೆಯೋರು, ದೊಡ್ಡ ಸಾಹಸ ಅಂತ ಇನ್ನೊಂದು ಕಡೆಯೋರು ಜಗಳ ಆಡ್ತಾರೆ. ನನಗೆ ನೆಲದ ಮೇಲೆ ಮಲಗಿದ್ರಾ ಮಂಚದ ಮೇಲಾ ಅನ್ನೋದರಲ್ಲಿ ಆಸಕ್ತಿ ಇಲ್ಲ. ಡಿಸಿ ಬರ್ತಾರೆ ಅಂತ ತಹಶೀಲ್ದಾರ್, ಸರ್ವೆಯೋರು, ಪಿಂಚಣಿ ಕೇಸ್ ವರ್ಕರ್ ಎಲ್ಲಾ ಒಂದೇ ಪೆಂಡಾಲಲ್ಲಿ ಸಿಗ್ತಾರೆ, ತಾಲ್ಲೂಕು ಆಫೀಸಿಗೆ ಹತ್ತು ಸಲ ಅಲೆದ ಅಜ್ಜನಿಗೆ, ವಿಧವಾ ಪಿಂಚಣಿ ಬರದ ಸೊಸೆಗೆ ಅಲ್ಲೇ ಕೆಲಸ ಆದ್ರೆ ಅದು ಒಳ್ಳೇದೇ. ಆದ್ರೆ ಅಹವಾಲು ಕೊಟ್ಟೋರಿಗೆ ಸ್ವೀಕೃತಿ ಕೊಟ್ರಾ, ಅದರ ಮೇಲೆ ನಂಬರ್ ಇದೆಯಾ, ಎರಡು ತಿಂಗಳಾದ ಮೇಲೆ ಆ ನಂಬರ್ ಹೇಳಿದ್ರೆ ಯಾರಾದ್ರೂ ಉತ್ತರ ಕೊಡ್ತಾರಾ, ನಾನು ನೋಡೋದು ಇದು.

ನಿಮ್ಮ ಊರಿನ ವಿಷಯಕ್ಕೂ ಹಿಂಗೇ ಮಾಡಿ. ಆ ಫೋಟೋ ಡಿಲೀಟ್ ಮಾಡ್ಬೇಡಿ, ಇಟ್ಕೊಳ್ಳಿ, ತಾರೀಖು, ಊರು, ಬಂದೋರು ಏನು ಹೇಳಿದ್ರು ಅಂತ ಅದರ ಕೆಳಗೆ ಬರೆದಿಡಿ. ಅವರು ತಮ್ಮ ಪ್ರಚಾರಕ್ಕೆ ಅಂತ ತೆಗೆದ ಫೋಟೋನೇ ನಿಮಗೆ ಸಾಕ್ಷಿ ಆಗುತ್ತೆ, ಇಂಥ ದಿನ ಇಂಥ ಜಾಗದಲ್ಲಿ ನಿಂತು ಮಾತು ಕೊಟ್ಟಿದಾರೆ ಅಂತ. 2019ರಲ್ಲಿ ರಾಜ್ಯ ಸರ್ಕಾರ ತಕ್ಷಣಕ್ಕೆ 10 ಸಾವಿರ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಹೇಳಿತ್ತು, ದುಡ್ಡು ಕಂತಲ್ಲಿ ಬರೋದು, ಹಾನಿ ಎಷ್ಟಾಗಿದೆ ಅಂತ ನೋಡಿ ಯಾವ ಮನೆ ಎ ಯಾವುದು ಬಿ ಯಾವುದು ಸಿ ವರ್ಗ ಅನ್ನೋದರ ಮೇಲೆ ಎಷ್ಟು ಊರಲ್ಲಿ ಜಗಳ ಆಯ್ತು ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ. ಕಿಟ್ ಕೊಡುವಾಗ ಹತ್ತು ಕ್ಯಾಮೆರಾ ಇರುತ್ತೆ, ಆ ಪಟ್ಟಿ ಬರೆಯುವಾಗ ಒಂದೂ ಇರಲ್ಲ, ನಿಜವಾಗಿ ಕ್ಯಾಮೆರಾ ಬೇಕಾಗಿದ್ದು ಅಲ್ಲಿ. ಸರ್ವೆಗೆ ಬಂದಾಗ ನಿಮ್ಮ ಮೊಬೈಲಲ್ಲೇ ಬಿದ್ದ ಗೋಡೆ, ಸರ್ವೆಗೆ ಬಂದೋರು, ತಾರೀಖು ಎಲ್ಲಾ ಕಾಣೋ ಥರ ಫೋಟೋ ತೆಗೆದಿಡಿ. ಪಟ್ಟಿ ಬೇಕು ಅಂದ್ರೆ ಮಾಹಿತಿ ಹಕ್ಕು ಅರ್ಜಿ ಹಾಕಿ, ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡ್ಬೇಕು, ಬಿಪಿಎಲ್ ಕಾರ್ಡಿದ್ರೆ ಶುಲ್ಕನೂ ಇಲ್ಲ. ಇನ್ನೊಂದು ಅರ್ಜಿಯಲ್ಲಿ ಆ ದಿನದ ಭೇಟಿಗೆ ಶಾಮಿಯಾನ, ವೇದಿಕೆ, ವಾಹನಕ್ಕೆ ಎಷ್ಟು ಖರ್ಚು, ಆ ಕಾಳಜಿ ಕೇಂದ್ರದ ಊಟಕ್ಕೆ ಎಷ್ಟು ಖರ್ಚು ಅಂತ ಎರಡೂ ಕೇಳಿ, ಎರಡು ಅಂಕಿ ಪಕ್ಕ ಪಕ್ಕ ಬಂದ್ರೆ ಯಾರೂ ಏನೂ ವಿವರಿಸಬೇಕಾಗಲ್ಲ.

ಕೊನೇದು, ಅಮ್ಮ ಬೇಡ ಅನ್ನಬಹುದಾ ಅಂತ ಕೇಳಿದ್ರಿ. ಖಂಡಿತ ಅನ್ನಬಹುದು. ಪರಿಹಾರ ಅನ್ನೋದು ಯಾರ ಮನೆ ದಾನನೂ ಅಲ್ಲ, 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲೇ ಸಂತ್ರಸ್ತರಿಗೆ ಇರೋಕೆ ಜಾಗ, ಊಟ, ಕುಡಿಯೋ ನೀರು, ಔಷಧಿ, ಶೌಚಾಲಯದ ಕನಿಷ್ಠ ಮಟ್ಟ ಏನಿರಬೇಕು ಅಂತ ನಿಗದಿ ಮಾಡ್ಬೇಕು ಅಂತಿದೆ, ಫೋಟೋಗೆ ನಿಂತ್ರೆ ಮಾತ್ರ ಕಿಟ್ ಅಂತ ಎಲ್ಲೂ ಬರೆದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ಕ್ಕೆ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಹೇಳಿದಾರೆ, ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಕೊರೊನಾ ಲಾಕ್‌ಡೌನ್ ಟೈಮಲ್ಲಿ ರಾಜಸ್ಥಾನದ ಅಜ್ಮೇರ್ ಜಿಲ್ಲಾಡಳಿತ ಊಟ ರೇಷನ್ ಹಂಚುವಾಗ ಫೋಟೋ ತೆಗೆಯೋ ಹಂಗಿಲ್ಲ ಅಂತ ಆದೇಶಾನೇ ಮಾಡಿತ್ತು, ಒಬ್ಬ ಜಿಲ್ಲಾಧಿಕಾರಿ ಮನಸ್ಸು ಮಾಡಿದ್ರೆ ಆಗುತ್ತೆ. ನಿಮ್ಮ ಊರಿನೋರು ಸೇರಿ ತಹಶೀಲ್ದಾರ್‌ಗೆ, ಡಿಸಿಗೆ ಮುಂದಿನ ಮಳೆಗಾಲಕ್ಕೆ ಮುಂಚೆನೇ ಇಂಥದ್ದೇ ಆದೇಶ ಮಾಡಿ ಅಂತ ಒಂದು ಮನವಿ ಕೊಡಿ, ಹೊಳೆ ಬಂದಾಗ ಕೊಟ್ರೆ ಯಾರೂ ಓದಲ್ಲ.

ಸ್ಥಳದಲ್ಲಿ ಅಮ್ಮ ಒಬ್ಬರೇ ಬೇಡ ಅನ್ನೋದು ಕಷ್ಟ ಅಂತ ನಂಗೆ ಗೊತ್ತು, ಸುತ್ತ ಪೊಲೀಸು, ಮುಖಂಡರು, ಕಾರ್ಯಕರ್ತರು ನಿಂತಿರ್ತಾರೆ, ಎದುರು ಮಾತಾಡಿದ್ರೆ ಪಟ್ಟಿಯಿಂದ ಹೆಸರು ಬಿಡ್ತಾರೇನೋ ಅನ್ನೋ ಭಯನೂ ಇರುತ್ತೆ. ಅದಕ್ಕೆ ನೀವು ಪಕ್ಕದಲ್ಲಿ ನಿಂತು ಕ್ಯಾಮೆರಾದವನ ಹತ್ರನೇ ಹೇಳಿ, ನಾಯಕರ ಹತ್ರ ಅಲ್ಲ. "ಅಣ್ಣಾ, ಅವ್ವನ ಮುಖ ಬ್ಯಾಡ, ಕೈ ಅಷ್ಟ ತೆಗೀರಿ" ಅಂದ್ರೆ ಸಾಕು. ನಮ್ಮ ವೃತ್ತಿಯೋರಲ್ಲಿ ಬಹಳ ಜನ ಅಷ್ಟು ಹೇಳಿದ್ರೆ ಒಪ್ತಾರೆ, ನಮಗೂ ಅಮ್ಮಂದಿರಿದಾರೆ. ಈಗ ಆಗಲೇ ಹೋಗಿರೋ ಫೋಟೋನ, ಅದನ್ನ ಹಾಕಿರೋ ಪೇಜಿನೋರಿಗೆ ಅಮ್ಮನ ಹೆಸರಲ್ಲಿ ಎರಡು ಸಾಲು ಬರೆದು ಮುಖ ಮಸುಕು ಮಾಡಿ ಇಲ್ಲಾಂದ್ರೆ ತೆಗೀರಿ ಅಂತ ಕೇಳಿ. ಮತ್ತೆ ಅಮ್ಮನಿಗೆ ನನ್ನ ಕಡೆಯಿಂದ ಒಂದು ಮಾತು ಹೇಳಿ, ಆ ಕಿಟ್ಟಲ್ಲಿ ಇದ್ದ ಅಕ್ಕಿ ಬೇಳೆ ಅವರೂ ಬೆಂಕಿಪೊಟ್ಟಣದಿಂದ ಹಿಡಿದು ಸೋಪಿನ ತನಕ ತೆರಿಗೆ ಕಟ್ಟಿ ತುಂಬಿಸಿದ ಖಜಾನೆದು, ಅವತ್ತು ಅವರು ಇಸ್ಕೊಂಡಿದ್ದು ಅವರದ್ದೇ.